ಮೂರನೇ ಕಾಲಂ

ಮಹಡಿ ಮೇಲಿನ ಮನೆಯ ಹುಡುಗ ಕೆಲಸ ಬದಲಾಯಿಸುವ ತಯಾರಿಯಲ್ಲಿದ್ದಾನೆ. ರೆಸ್ಯೂಮೆ ಕಳಿಸಿ "ಒಂದ್ಸಲ ಕಣ್ಣಾಡಿಸಿ ಅಂಕಲ್" ಅಂದ. ಕಣ್ಣಾಡಿಸಿ ಅಂದವರಿಗೆ ಕೈಯಾಡಿಸಿ ಕೊಡುವುದು ನನ್ನ ಅಭ್ಯಾಸ. ಒಂದು ಕಡೆ 'ಹ್ಯಾಸ್ ಪ್ರೂವನ್' ಅಂತಿತ್ತು. ಅದನ್ನು 'ಹ್ಯಾಸ್ ಪ್ರೂವ್ಡ್' ಮಾಡಿ ವಾಪಸ್ ಕಳಿಸಿದೆ. ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಅವನೇ ಇಳಿದು ಬಂದ. ನಾನು ತಿದ್ದಿದ ಪದದ ಕೆಳಗೆ ಕಂಪ್ಯೂಟರ್ ಒಂದು ನೀಲಿ ಗೆರೆ ಎಳೆದಿತ್ತು. ಪಕ್ಕದಲ್ಲಿ, ಇಲ್ಲಿ ಪ್ರೂವನ್ ಹಾಕಿದರೆ ಹೇಗೆ ಎಂಬ ಸಲಹೆ ಬೇರೆ.

ಸ್ಪೆಲ್ಲಿಂಗ್ ತಪ್ಪಿದರೆ ಕೆಂಪು ಗೆರೆ ಬರುತ್ತದೆ. ಅದರ ಬಗ್ಗೆ ನನಗೆ ಬೇಜಾರಿಲ್ಲ. ಕೆಂಪು ಅಂದರೆ ನೇರ ಬೈಗುಳ, ಬೈಸಿಕೊಂಡು ಮುಂದೆ ಹೋಗಬಹುದು. ಈ ನೀಲಿ ಗೆರೆಯ ವಿನಯ ಇದೆಯಲ್ಲ, ಅದು ಸಹಿಸಲಾಗದ್ದು. ತಪ್ಪು ಅಂತ ಹೇಳುವ ಧೈರ್ಯವಿಲ್ಲ, ಸರಿ ಅಂತ ಒಪ್ಪುವ ಮನಸ್ಸೂ ಇಲ್ಲ. ಸುಮ್ನೆ ಕೆಳಗೆ ನಿಂತು ಕೆಮ್ಮುತ್ತದೆ.

ಹುಡುಗ ಒಳ್ಳೆಯವನು. "ಇದಕ್ಕೆ ರೂಲ್ ಅಂತ ಏನಾದ್ರೂ ಇದ್ಯಾ ಅಂಕಲ್?" ಅಂತ ಕೇಳಿದ. ಇದೆ, ಕೂತ್ಕೋ, ಹೇಳ್ತೀನಿ ಅಂದೆ. ಅಷ್ಟರಲ್ಲಿ ಅವನಿಗೆ ಅಮೆರಿಕದವರ ಜೊತೆ ಮೀಟಿಂಗ್ ನೆನಪಾಯಿತು. ಎದ್ದು ಹೋದ. ಹಾಗಾಗಿ ಈಗ ನೀವು ಸಿಕ್ಕಿದ್ದೀರಿ.

ಪಾಸ್ಟ್ ಪಾರ್ಟಿಸಿಪಲ್ ಅಂದರೆ ಏನು ಅಂತ ವಿವರಿಸಲು ನಾನು ಹೋಗುವುದಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿದ ನಮಗೆ ಅದು ಅರ್ಥ ಮಾಡಿಕೊಳ್ಳುವ ವಿಷಯವೇ ಆಗಿರಲಿಲ್ಲ, ಬಾಯಿಪಾಠದ ವಿಷಯ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು. ಅದರ ಗಾಬರಿ ಇಳಿಯುವ ಮೊದಲೇ ಮೂರು ಕಾಲಂನ ಪಟ್ಟಿ ಬರುತ್ತಿತ್ತು. ಗೋ, ವೆಂಟ್, ಗಾನ್. ಈಟ್, ಏಟ್, ಈಟನ್. ಮಗ್ಗಿಯ ರಾಗದಲ್ಲೇ ಇಡೀ ಕ್ಲಾಸು ಕೂಗಬೇಕು. ಸಿಂಗ್, ಸ್ಯಾಂಗ್, ಸಂಗ್ ಬಂದಾಗ ಹಿಂದಿನ ಬೆಂಚಿನವರು ತಾಳ ಹಾಕುತ್ತಿದ್ದರು. ಕಟ್ ಕಟ್ ಕಟ್, ಪುಟ್ ಪುಟ್ ಪುಟ್ ಬಂದಾಗಲಂತೂ ಎಲ್ಲರಿಗೂ ಎಲ್ಲಿಲ್ಲದ ಹುಮ್ಮಸ್ಸು. ಇಂಗ್ಲಿಷರಲ್ಲೂ ಒಳ್ಳೆಯವರಿದ್ದಾರೆ ಅನ್ನಿಸುತ್ತಿದ್ದ ಗಳಿಗೆ ಅದು. ಆ ಮೂರನೇ ಕಾಲಂ ಯಾಕೆ ಬೇಕು ಸಾರ್ ಅಂತ ಯಾರಾದರೂ ಕೇಳಿದರೆ, "ಹ್ಯಾವ್ ಬಂದ್ರೆ ಮೂರನೇದು ಹಾಕ್ಬೇಕು, ಕೂತ್ಕೋ" ಎಂಬ ಉತ್ತರ. ಆಮೇಲೆ ದಪ್ಪ ದಪ್ಪ ಗ್ರಾಮರ್ ಪುಸ್ತಕಗಳನ್ನು ಓದಿದ್ದೇನೆ. ಇದಕ್ಕಿಂತ ಉಪಯೋಗಕ್ಕೆ ಬರುವ ವಿವರಣೆ ಎಲ್ಲೂ ಸಿಕ್ಕಿಲ್ಲ.

ಪ್ರೂವ್ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಅದು ಸಾಧು ಜಾತಿಯ ಕ್ರಿಯಾಪದ. ಕೊನೆಗೊಂದು ಇಡಿ (-ed) ಹಚ್ಚಿದರೆ ಎರಡನೇ ಕಾಲಂ ರೆಡಿ, ಅದನ್ನೇ ನಕಲು ಮಾಡಿದರೆ ಮೂರನೆಯದೂ ರೆಡಿ. ಪ್ರೂವ್, ಪ್ರೂವ್ಡ್, ಪ್ರೂವ್ಡ್. ನಮ್ಮ ಮೇಷ್ಟ್ರು ಸ್ಪೆಲ್ಲಿಂಗ್ ನೋಡಿಕೊಂಡು ಅದನ್ನು 'ಪ್ರೋವ್' ಅಂತಲೇ ಓದುತ್ತಿದ್ದರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಅಡ್ಡಾದಿಡ್ಡಿ ಕ್ರಿಯಾಪದಗಳು ವಯಸ್ಸಾದ ಹಾಗೆ ದಾರಿಗೆ ಬರುತ್ತವೆ. ಹೆಲ್ಪ್ ಎಂಬ ಪಾಪದ ಪದ ಒಂದು ಕಾಲದಲ್ಲಿ ಹೆಲ್ಪ್, ಹೋಲ್ಪ್, ಹೋಲ್ಪನ್ ಅಂತ ಕುಣಿಯುತ್ತಿತ್ತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಹೋಲ್ಪನ್ ಇನ್ನೂ ಕೂತಿದೆ. ಹಾರ್ವರ್ಡಿನ ಕೆಲವರು ಹಳೆ ಇಂಗ್ಲಿಷಿನ 177 ಇಂಥ ಪುಂಡ ಕ್ರಿಯಾಪದಗಳನ್ನು ಹಿಡಿದು ಲೆಕ್ಕ ಹಾಕಿ, ಈಗ ಅವುಗಳಲ್ಲಿ 98 ಮಾತ್ರ ಹಾಗೇ ಉಳಿದಿವೆ ಅಂತ 2007ರಲ್ಲಿ ಬರೆದರು. ಉಳಿದವೆಲ್ಲ ಇಡಿ ಹಚ್ಚಿಕೊಂಡು ಸಂಸಾರಸ್ಥರಾಗಿವೆ. ಜಾಸ್ತಿ ಬಳಸುವ ಪದಗಳು ಬೇಗ ಬದಲಾಗುವುದಿಲ್ಲವಂತೆ. ಗೋ, ಈಟ್, ಕಮ್ ಇವುಗಳ ಪುಂಡಾಟ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಆದರೆ ಪ್ರೂವ್ ನೋಡಿ. ನೆಟ್ಟಗಿದ್ದದ್ದು ವಯಸ್ಸಾದ ಮೇಲೆ ಕೆಟ್ಟಿತು.

ಕೆಟ್ಟಿದ್ದು ಎಷ್ಟರ ಮಟ್ಟಿಗೆ ಅಂದರೆ, ಬೆಳಗ್ಗೆ ಹಲ್ಲುಜ್ಜಲು ಹೋದರೆ ಟೂತ್‌ಪೇಸ್ಟ್ ಡಬ್ಬಿಯ ಮೇಲೆ 'ಕ್ಲಿನಿಕಲಿ ಪ್ರೂವನ್'. ತಲೆಗೆ ಹಚ್ಚುವ ಎಣ್ಣೆಯೂ ಪ್ರೂವನ್. ಎಲ್ಲಿ ಪ್ರೂವ್ ಆಯಿತು, ಯಾರ ತಲೆಯ ಮೇಲೆ ಆಯಿತು ಅಂತ ಹುಡುಕಿದರೆ ಒಂದು ನಕ್ಷತ್ರದ ಗುರುತು. ಅದನ್ನು ಹಿಡಿದು ಡಬ್ಬಿಯ ತಳಕ್ಕೆ ಹೋದರೆ ಇರುವೆ ಸಾಲಿನಂಥ ಅಕ್ಷರ. ಕನ್ನಡಕ ತಂದು ಓದಿದರೆ 'ನಿಯಮಿತವಾಗಿ ಬಳಸಿದಲ್ಲಿ'. ಇನ್ನು ರೆಸ್ಯೂಮೆಗಳಲ್ಲಿ ಬರುವ 'ಪ್ರೂವನ್ ಟ್ರ್ಯಾಕ್ ರೆಕಾರ್ಡ್'. ಈ ಊರಿನಲ್ಲಿ ಇಪ್ಪತ್ಮೂರು ವಯಸ್ಸಿನ, ಕೆಲಸಕ್ಕೆ ಸೇರಿ ವರ್ಷ ತುಂಬದ ಹುಡುಗರಿಗೆಲ್ಲ ಪ್ರೂವನ್ ಟ್ರ್ಯಾಕ್ ರೆಕಾರ್ಡ್ ಇದೆ. ಪ್ರೂವ್ಡ್ ಅಂತ ಬರೆದರೆ ಕೆಲಸ ಕೊಡುವುದಿಲ್ಲವೇನೋ. ಇಡಿ ಅಂದರೆ ಮಾಡಿ ಮುಗಿಸಿದ್ದು, ಎನ್ ಅಂದರೆ ಮೈಗೆ ಅಂಟಿದ ಬಿರುದು. ಬಿರುದು ಯಾರಿಗೆ ಬೇಡ?

ಎಲ್ಲಿಂದ ಬಂತು ಈ ಎನ್? ಸ್ಕಾಟ್ಲೆಂಡಿನಿಂದ. ಹೇಳಲೇಬೇಕಾದ ಕಥೆ ಇದು. ಸ್ವಲ್ಪ ಉದ್ದ ಇದೆ.

ಅಲ್ಲಿಯವರ ಬಾಯಲ್ಲಿ ಆ ಕ್ರಿಯಾಪದ 'ಪ್ರೀವ್' ಅಂತಿತ್ತು. ವೀವ್‌ಗೆ ವೋವನ್, ಕ್ಲೀವ್‌ಗೆ ಕ್ಲೋವನ್ ಇದ್ದ ಮೇಲೆ ಪ್ರೀವ್‌ಗೆ ಪ್ರೋವನ್ ಇರಲಿ ಅಂತ ಮಾಡಿಕೊಂಡರು. ಮನೆಮಾತಿನಲ್ಲಿ ಎಷ್ಟು ಓಡಾಡಿತೋ, ಕೋರ್ಟಿನಲ್ಲಂತೂ ಗಟ್ಟಿಯಾಗಿ ಕೂತಿತು. ಇವತ್ತಿಗೂ ಎಡಿನ್‌ಬರೋದ ವಕೀಲರು ಅದನ್ನು 'ಪ್ರೂವನ್' ಅನ್ನುವುದಿಲ್ಲ, 'ಪ್ರೋವನ್' ಅನ್ನುತ್ತಾರೆ. ಅಂದರೆ ನಮ್ಮ ಮೇಷ್ಟ್ರು ಒಂದು ಎನ್ ಹೆಚ್ಚು ಸೇರಿಸಿದ್ದರೆ ನೇರ ಅಲ್ಲಿಯ ಹೈಕೋರ್ಟಿನಲ್ಲೇ ವಾದ ಮಾಡಬಹುದಿತ್ತು.

ಹದಿನೇಳನೇ ಶತಮಾನದಲ್ಲಿ ಅಲ್ಲಿ ಒಂದು ಪದ್ಧತಿ ಬಂತು. ಇವನು ತಪ್ಪಿತಸ್ಥ ಹೌದೋ ಅಲ್ಲವೋ ಅಂತ ಜ್ಯೂರಿ ಹೇಳುವ ಹಾಗಿಲ್ಲ. ಆರೋಪಪಟ್ಟಿಯಲ್ಲಿ ಹೇಳಿದ ಸಂಗತಿ ಪ್ರೋವನ್ನೋ, ನಾಟ್ ಪ್ರೋವನ್ನೋ, ಅಷ್ಟೇ ಹೇಳಬೇಕು. ಉಳಿದದ್ದು ಜಡ್ಜ್ ನೋಡಿಕೊಳ್ಳುತ್ತಾರೆ. 1728ರವರೆಗೆ ಇದು ಹೀಗೇ ನಡೆಯಿತು. ಆ ವರ್ಷ ಫಾರ್ಫರ್ ಎಂಬ ಊರಿನಲ್ಲಿ ಒಂದು ಸಾವಿಗೆ ಬಂದಿದ್ದ ಜಮೀನ್ದಾರರು ಅಂತ್ಯಕ್ರಿಯೆ ಮುಗಿಸಿ, ಊಟ ಮಾಡಿ, ಚೆನ್ನಾಗಿ ಕುಡಿದರು. ಫಿನ್‌ಹೇವನ್‌ನ ಕಾರ್ನೆಗಿ ಎಂಬುವನನ್ನು ಬ್ರಿಡ್ಜ್‌ಟನ್‌ನ ಲಯನ್ ಎಂಬುವನು ಚರಂಡಿಗೆ ನೂಕಿದ. ಮೈಯೆಲ್ಲ ಕೊಚ್ಚೆಯಾಗಿ ಎದ್ದವನು ಕತ್ತಿ ಹಿರಿದು ನೂಕಿದವನ ಮೇಲೆ ನುಗ್ಗಿದ. ಜಗಳ ಬಿಡಿಸಲು ನಡುವೆ ಬಂದ ಸ್ಟ್ರ್ಯಾತ್‌ಮೋರ್‌ನ ಅರ್ಲ್ ಸಾಹೇಬರಿಗೆ ಕತ್ತಿ ಹೊಕ್ಕಿತು. ಜಗಳ ಬಿಡಿಸುವವರ ಗತಿ ಎಲ್ಲಾ ದೇಶದಲ್ಲೂ ಇಷ್ಟೇ. ಈಗ ಜ್ಯೂರಿಗೆ ಪೇಚಾಟ. ಚುಚ್ಚಿದ್ದು ಎಲ್ಲರೂ ಕಂಡದ್ದು, ಪ್ರೋವನ್ ಅನ್ನಲೇಬೇಕು. ಅಂದರೆ ಕಾರ್ನೆಗಿಗೆ ನೇಣು. ಅವನು ಅರ್ಲನ್ನು ಕೊಲ್ಲಲು ಹೋದವನಲ್ಲ ಅಂತಲೂ ಎಲ್ಲರಿಗೂ ಗೊತ್ತು. ಜ್ಯೂರಿಯವರು ಕೊಟ್ಟ ಎರಡು ಪದವನ್ನೂ ಬದಿಗಿಟ್ಟು, ಹಳೆಯ ಹಕ್ಕನ್ನು ಹೊರತೆಗೆದು, 'ನಾಟ್ ಗಿಲ್ಟಿ' ಅಂದುಬಿಟ್ಟರು.

ಅಲ್ಲಿಂದ ಮುಂದೆ ಮೂರು ತೀರ್ಪು. ಗಿಲ್ಟಿ, ನಾಟ್ ಗಿಲ್ಟಿ, ನಾಟ್ ಪ್ರೋವನ್. ಕೊನೆಯ ಎರಡರಲ್ಲೂ ಆರೋಪಿ ಮನೆಗೆ ಹೋಗುತ್ತಿದ್ದ, ಕಾನೂನಿನ ಮಟ್ಟಿಗೆ ಏನೂ ವ್ಯತ್ಯಾಸವಿರಲಿಲ್ಲ. ಬೀದಿಯಲ್ಲಿ ಮಾತ್ರ ಬಹಳ ವ್ಯತ್ಯಾಸ. 'ನೀನು ತಪ್ಪು ಮಾಡಿಲ್ಲ, ಇನ್ನೊಂದ್ಸಲ ಹೀಗೆ ಮಾಡಬೇಡ' ಅನ್ನುವುದೇ ಇದರ ಅರ್ಥ ಅಂತ ಅಲ್ಲಿನವರೇ ನಗೆಯಾಡುತ್ತಿದ್ದರು. ವಾಲ್ಟರ್ ಸ್ಕಾಟ್ ಕಾದಂಬರಿಕಾರನಷ್ಟೇ ಅಲ್ಲ, ಒಂದು ಜಿಲ್ಲೆಯ ಶೆರಿಫ್, ಅಂದರೆ ಜಡ್ಜ್ ಕೂಡ. 1827ರಲ್ಲಿ ಇದನ್ನು ತನ್ನ ದಿನಚರಿಯಲ್ಲಿ 'ಹಾದರಕ್ಕೆ ಹುಟ್ಟಿದ ತೀರ್ಪು' ಅಂತ ಬೈದುಕೊಂಡಿದ್ದಾನೆ. ಬೆಂಗಳೂರಿನಲ್ಲಿ ಸೈಟು ತೆಗೆದುಕೊಂಡವರಿಗೆ ನಾನು ಇದನ್ನು ವಿವರಿಸಬೇಕಿಲ್ಲ. ನಾಟ್ ಪ್ರೋವನ್ ಅಂದರೆ ಬಿ ಖಾತಾ. ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಮನೆ ನಿಮ್ಮದಲ್ಲ ಅಂತ ಯಾರೂ ಹೇಳುವುದಿಲ್ಲ, ಎಲ್ಲ ಸರಿ ಇದೆ ಅಂತಲೂ ಹೇಳುವುದಿಲ್ಲ.

ಈ ತೀರ್ಪು ಪಡೆದವರಲ್ಲಿ ಎಲ್ಲರಿಗಿಂತ ಹೆಸರಾದವಳು ಮ್ಯಾಡಲೀನ್ ಸ್ಮಿತ್. ಗ್ಲಾಸ್ಗೋದ ಬ್ಲೈತ್ಸ್‌ವುಡ್ ಸ್ಕ್ವೇರಿನಲ್ಲಿ ಮನೆ, ಅಪ್ಪ ಆರ್ಕಿಟೆಕ್ಟ್, ಸ್ಥಿತಿವಂತರು. ಇಪ್ಪತ್ತೊಂದರ ಈ ಹುಡುಗಿಗೆ ಗೋದಾಮಿನಲ್ಲಿ ಗುಮಾಸ್ತನಾಗಿದ್ದ ಪಿಯೇರ್ ಎಮಿಲ್ ಲಾಂಜಲಿಯೇ ಎಂಬುವನ ಜೊತೆ ಪ್ರೇಮ. ಅವನು ಜೆರ್ಸಿ ದ್ವೀಪದವನು. ಮೀಸೆ ಜೋರು, ಸಂಬಳ ಅಷ್ಟಕ್ಕಷ್ಟೆ. ಮ್ಯಾಡಲೀನಳ ಮಲಗುವ ಕೋಣೆ ನೆಲಮಾಳಿಗೆಯಲ್ಲಿ, ಕಿಟಕಿ ಬೀದಿಯ ಮಟ್ಟಕ್ಕೆ. ರಾತ್ರಿ ಅವನು ಬಂದು ಕಿಟಕಿಯ ಸರಳಿನ ಬಳಿ ನಿಲ್ಲುವುದು, ಇವಳು ಒಳಗಿನಿಂದ ಕಾಗದ ಕೊಡುವುದು. ಒಮ್ಮೊಮ್ಮೆ ಬಿಸಿ ಬಿಸಿ ಕೋಕೋ. ಗ್ಲಾಸ್ಗೋ ಚಳಿಯಲ್ಲಿ ಕೋಕೋ ಸಿಕ್ಕರೆ ಯಾರು ಬೇಡ ಅಂತಾರೆ.

ಆಮೇಲೆ ಅಪ್ಪ ಅಮ್ಮನಿಗೆ ಒಪ್ಪಿಗೆಯಾದ ಸಂಬಂಧ ಬಂತು. ಮಿನೋಕ್ ಎಂಬ ಅನುಕೂಲಸ್ಥ. ಮ್ಯಾಡಲೀನ್ ಅದಕ್ಕೆ ಹೂಂ ಅಂದಳು. ಲಾಂಜಲಿಯೇಗೆ ನನ್ನ ಕಾಗದಗಳನ್ನೆಲ್ಲ ವಾಪಸ್ ಕೊಡು ಅಂದಳು. ಅವನು ಕೊಡಲಿಲ್ಲ. ನಿನ್ನಪ್ಪನಿಗೆ ತೋರಿಸುತ್ತೇನೆ ಅಂದ. ನನಗೆ ಕೇಳಿದರೆ ಇಡೀ ಕೇಸಿನಲ್ಲಿ ಯಾವ ಸಾಕ್ಷಿಯೂ ಬೇಡದ ತಪ್ಪು ಇದೊಂದೇ. ಪ್ರೇಮಪತ್ರ ಹಿಡಿದುಕೊಂಡು ಹೆದರಿಸುವ ಗಂಡಸಿನ ಬಗ್ಗೆ ಆವತ್ತಿಗೂ ಇವತ್ತಿಗೂ ನನ್ನ ಮನಸ್ಸಿನಲ್ಲಿ ಒಂದೇ ತೀರ್ಪು.

1857ರ ಮಾರ್ಚ್ 23ರಂದು ಲಾಂಜಲಿಯೇ ಹೊಟ್ಟೆನೋವಿನಿಂದ ಒದ್ದಾಡಿ ಸತ್ತ. ಹೊಟ್ಟೆಯಲ್ಲಿ 80 ಗ್ರೇನಿಗೂ, ಅಂದರೆ ಐದು ಗ್ರಾಂಗೂ ಜಾಸ್ತಿ ಆರ್ಸೆನಿಕ್ ಸಿಕ್ಕಿತು. ಮ್ಯಾಡಲೀನ್ ಅದಕ್ಕೆ ಮೊದಲು ಔಷಧಿ ಅಂಗಡಿಗಳಲ್ಲಿ ರಾಜಾರೋಷವಾಗಿ ಆರ್ಸೆನಿಕ್ ಕೊಂಡಿದ್ದಳು, ಪುಸ್ತಕದಲ್ಲಿ ತನ್ನ ಹೆಸರಿನಲ್ಲೇ ಸಹಿ ಹಾಕಿದ್ದಳು. ಅಂಗಡಿಯವನಿಗೆ ಇಲಿ ಕಾಟ ಅಂದಿದ್ದಳು. ಅಧಿಕಾರಿಗಳು ಕೇಳಿದಾಗ ಮುಖದ ಕಾಂತಿಗೆ ಅಂದಳು. ನೀರಿನಲ್ಲಿ ಕಲಸಿ ಮುಖ, ಕುತ್ತಿಗೆ, ತೋಳಿಗೆ ಹಚ್ಚಿಕೊಳ್ಳುತ್ತಿದ್ದಳಂತೆ. ಕ್ಲಿನಿಕಲಿ ಪ್ರೂವನ್ ಅಂತ ಆ ಡಬ್ಬಿಯ ಮೇಲೆ ಇರಲಿಲ್ಲ, ಪುಣ್ಯ.

1851ರ ಕಾನೂನಿನ ಪ್ರಕಾರ ಅಂಗಡಿಯವರು ಆರ್ಸೆನಿಕ್‌ಗೆ ಮಸಿಯನ್ನೋ ನೀಲಿಯನ್ನೋ ಬೆರೆಸಿ ಮಾರಬೇಕಿತ್ತು, ಸಕ್ಕರೆ ಅಂತ ಯಾರೂ ತಿಳಿಯದಿರಲಿ ಅಂತ. ಸತ್ತವನ ಹೊಟ್ಟೆಯಲ್ಲಿ ಆ ಬಣ್ಣ ಎಲ್ಲಿ ಅಂತ ಅವಳ ವಕೀಲ ಜಾನ್ ಇಂಗ್ಲಿಸ್ ಕೇಳಿದ. ಅಷ್ಟೊಂದು ವಿಷ ಒಬ್ಬನಿಗೆ ಗೊತ್ತಾಗದ ಹಾಗೆ ಒಂದು ಬಟ್ಟಲಿನಲ್ಲಿ ಹೇಗೆ ಹೋಗುತ್ತದೆ ಅಂತ ಕೇಳಿದ. ಸಾಯುತ್ತೇನೆ ಅಂತ ಲಾಂಜಲಿಯೇ ಹಿಂದೆಯೂ ಹೇಳುತ್ತಿದ್ದ ಅಂತ ಸಾಕ್ಷಿ ತಂದ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಆ ಕೊನೆಯ ರಾತ್ರಿ ಅವರಿಬ್ಬರೂ ಭೇಟಿಯಾದದ್ದನ್ನು ಕಂಡವರು ಯಾರು? ಯಾರೂ ಇಲ್ಲ. ಅವನ ಕಿಸೆಪುಸ್ತಕದಲ್ಲಿ ಭೇಟಿಗಳ ಟಿಪ್ಪಣಿ ಇತ್ತು. ಕೋರ್ಟು ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಲಿಲ್ಲ. ಮ್ಯಾಡಲೀನಳನ್ನೇ ಕಟಕಟೆಯಲ್ಲಿ ಕೇಳೋಣವೆಂದರೆ ಆರೋಪಿ ತನ್ನ ಪರ ಸಾಕ್ಷಿ ಹೇಳುವ ಹಕ್ಕು ಅಲ್ಲಿ ಬಂದದ್ದು 1898ರಲ್ಲಿ. ಅವಳು ಸುಮ್ಮನೆ ಕೂತು ನೋಡಿದಳು. ಅವಳ ಕಾಗದಗಳನ್ನು ತುಂಬಿದ ಕೋರ್ಟಿನಲ್ಲಿ ಓದಿದರು. ವಿಷದ ವಿಚಾರಕ್ಕಿಂತ, ಮರ್ಯಾದಸ್ಥರ ಮನೆ ಹುಡುಗಿ ಇಂಥದ್ದೆಲ್ಲ ಬರೆಯಬಹುದೇ ಎನ್ನುವುದೇ ಬ್ರಿಟನ್ನಿಗೆ ದೊಡ್ಡ ಆಘಾತವಾಯಿತು.

ಜುಲೈ 9ರಂದು ಹದಿನೈದು ಜನರ ಜ್ಯೂರಿ ಬಾಯಿಬಿಟ್ಟಿತು. ಮೂರು ಆರೋಪಗಳಿದ್ದವು. ಮೊದಲನೆಯದಕ್ಕೆ ನಾಟ್ ಗಿಲ್ಟಿ. ಎರಡನೆಯದಕ್ಕೂ ಕೊಲೆಯ ಆರೋಪಕ್ಕೂ ನಾಟ್ ಪ್ರೋವನ್. ಆಮೇಲೆ ಅವಳು ಲಂಡನ್ನಿಗೆ ಹೋಗಿ ಜಾರ್ಜ್ ವಾರ್ಡಲ್ ಎಂಬುವನನ್ನು ಮದುವೆಯಾದಳು, ಎಷ್ಟೋ ವರ್ಷದ ನಂತರ ಅಮೆರಿಕಕ್ಕೆ ಹೋದಳು, 1928ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಳು. ಎಪ್ಪತ್ತೊಂದು ವರ್ಷ ಆ ಮೂರನೇ ತೀರ್ಪು ಅವಳ ಜೊತೆಯಲ್ಲೇ ಇತ್ತು. ಅಷ್ಟು ವರ್ಷಗಳಲ್ಲಿ ಎಷ್ಟೋ ಜನ ಅವಳ ಕೈಯಿಂದ ಬಟ್ಟಲು ಇಸಿದುಕೊಂಡು ಕುಡಿದಿರಬೇಕಲ್ಲ. ಅವರಲ್ಲಿ ಹಳೆ ಕಥೆ ಗೊತ್ತಿದ್ದವರು ಮೊದಲ ಗುಟುಕು ಹೇಗೆ ಕುಡಿದರು? ಇದು ನನ್ನ ನಿದ್ದೆ ಕೆಡಿಸಿದ ಪ್ರಶ್ನೆ.

ಸ್ಕಾಟ್ಲೆಂಡಿನ ಪಾರ್ಲಿಮೆಂಟು 2025ರಲ್ಲಿ ಈ ತೀರ್ಪನ್ನೇ ತೆಗೆದುಹಾಕುವ ಮಸೂದೆ ಪಾಸು ಮಾಡಿತು. ಕಾರಣಗಳಿವೆ. ಅನ್ಯಾಯವಾದವರಿಗೆ ಈ ಮಧ್ಯದ ಮಾತು ಗಾಯದ ಮೇಲೆ ಉಪ್ಪು. ಅದನ್ನು ಅಲ್ಲಗಳೆಯಲು ನನ್ನಿಂದ ಆಗುವುದಿಲ್ಲ. ಆದರೂ ಒಂದು ಹೊಟ್ಟೆಯುರಿ. ಹುಟ್ಟಿದ ಊರಿನಲ್ಲಿ ಈ ಪದ ಮುನ್ನೂರು ವರ್ಷ 'ನಾಟ್' ಹಿಂದೆ ಕಟ್ಟಿಕೊಂಡೇ ಬಾಳಿತು. ನಮಗೆ ಪೂರ್ತಿ ಗೊತ್ತಾಗಲಿಲ್ಲ ಅಂತ ಹದಿನೈದು ಜನ ಎದ್ದು ನಿಂತು ಒಪ್ಪಿಕೊಳ್ಳಲು ಇದ್ದ ಪದ ಅದು. ಅಲ್ಲಿಂದ ಅದನ್ನು ಓಡಿಸಿಕೊಂಡು ಬಂದವರು ಮೊದಲು ಮಾಡಿದ ಕೆಲಸ 'ನಾಟ್' ಕಿತ್ತೆಸೆದದ್ದು. ಉಳಿದದ್ದನ್ನು ಎಣ್ಣೆ ಬಾಟಲಿಗೆ ಅಂಟಿಸಿದರು. ಕೋರ್ಟಿನಿಂದ ನಾಟ್ ಪ್ರೋವನ್ ಹೋಯಿತು, ಬಚ್ಚಲುಮನೆಯಲ್ಲಿ ಪ್ರೂವನ್ ಉಳಿಯಿತು.

ಹಾಂ, ರೂಲ್. ಹೇಳುತ್ತೇನೆ ಅಂದಿದ್ದೆ.

ಹಳೆ ಕಾಲದ ಕಾಪಿ ಎಡಿಟರುಗಳು ಹೀಗೆ ಹೇಳುತ್ತಿದ್ದರು. ಹ್ಯಾವ್, ಹ್ಯಾಸ್ ಬಂದರೆ ಪ್ರೂವ್ಡ್. ನಾಮಪದದ ಮುಂದೆ ವಿಶೇಷಣವಾಗಿ ಕೂತರೆ ಪ್ರೂವನ್. ಕುಡಿದಿದ್ದಾನೆ ಅನ್ನಲು ಡ್ರಂಕ್, ಕುಡುಕ ಗಂಡ ಅನ್ನಲು ಡ್ರಂಕನ್. ಮುಳುಗಿದೆ ಅನ್ನಲು ಸಂಕ್, ಮುಳುಗಿದ ಹಡಗು ಅನ್ನಲು ಸಂಕನ್. ಬೆಣ್ಣೆ ಮೆಲ್ಟೆಡ್, ಲಾವಾ ಮೋಲ್ಟನ್. ಎನ್ ಇದ್ದದ್ದು ಮುಂದಿನ ಸೀಟಿನಲ್ಲಿ, ಇಲ್ಲದ್ದು ಹಿಂದೆ. ಎಷ್ಟು ಚೆನ್ನಾಗಿದೆ ಅಲ್ವಾ? ಹುಡುಗ ಕೂತಿದ್ದರೆ ಇಲ್ಲಿಗೇ ನಿಲ್ಲಿಸಿ ಕಾಫಿ ಕೊಟ್ಟು ಕಳಿಸುತ್ತಿದ್ದೆ. ಸಮಸ್ಯೆ ಏನೆಂದರೆ ರಿಟನ್, ಬ್ರೋಕನ್ ಇವೆಲ್ಲ ಮುಂದೆಯೂ ಕೂರುತ್ತವೆ, ಹ್ಯಾವ್ ಜೊತೆಯೂ ಹೋಗುತ್ತವೆ. ಅಮೆರಿಕದವರು 'ಹ್ಯಾಸ್ ಪ್ರೂವನ್' ಅಂತ ಧಾರಾಳವಾಗಿ ಬರೆಯುತ್ತಾರೆ. ಈಗ ಬ್ರಿಟಿಷರೂ ಬರೆಯುತ್ತಾರೆ. ಡಿಕ್ಷನರಿ ತೆಗೆದರೆ ಎರಡೂ ಸರಿ ಅಂತಿದೆ. ಎರಡೂ ಸರಿ ಅಂತ ಹೇಳಲು ಅಷ್ಟು ದಪ್ಪ ಪುಸ್ತಕ ಯಾಕೆ ಬೇಕಿತ್ತೋ ಕಾಣೆ.

ಹಾಗಂತ ಎನ್ ಹಚ್ಚುವ ಚಟ ಮನೆಮಂದಿಗೆಲ್ಲ ಹರಡಿದೆಯೇ ಅಂದರೆ ಅದೂ ಇಲ್ಲ. ಅಪ್ರೂವ್ ಇದರ ಖಾಸಾ ದಾಯಾದಿ, ಒಂದೇ ಲ್ಯಾಟಿನ್ ಬೇರು. ಅದು ಅಪ್ರೂವ್ಡ್ ಆಗಿಯೇ ಉಳಿದಿದೆ. ಅಪ್ರೂವನ್ ಅಂತ ಯಾವ ಅಮೆರಿಕದವನೂ ಬರೆಯುವುದಿಲ್ಲ. ದೇವನಹಳ್ಳಿ ಕಡೆ ಹೋದರೆ ದಾರಿಯುದ್ದಕ್ಕೂ ಬೋರ್ಡು. ಬಿಯಾಪಾ (ವಿಮಾನ ನಿಲ್ದಾಣ ಪ್ರದೇಶದ ಯೋಜನಾ ಪ್ರಾಧಿಕಾರ) ಅಪ್ರೂವ್ಡ್, ಬ್ಯಾಂಕ್ ಅಪ್ರೂವ್ಡ್, ಡಿಸಿ ಕನ್ವರ್ಟೆಡ್. ಜನ ಜೀವಮಾನದ ದುಡ್ಡನ್ನು ಆ ಇಡಿಯನ್ನು ನಂಬಿ ಸುರಿಯುತ್ತಾರೆ. ಒಂದು ಲೇಔಟಿನ ಬೋರ್ಡಿನಲ್ಲಿ 'ರೇರಾ' (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಅಂತ ಆನೆ ಗಾತ್ರದ ಅಕ್ಷರ ಇತ್ತು. ಅಪ್ರೂವ್ಡ್ ಎಲ್ಲಿ ಅಂತ ಕಾರು ನಿಲ್ಲಿಸಿ ನೋಡಿದೆ. ಕೆಳಗೆ, ಕಳ್ಳಿಗಿಡದ ಮರೆಯಲ್ಲಿ, ಸಣ್ಣದಾಗಿ 'ಅಪ್ಲೈಡ್' ಅಂತಿತ್ತು. ಅಪ್ಲೈ, ಅಪ್ಲೈಡ್, ಅಪ್ಲೈಡ್. ಅದೂ ಸಾಧು ಜಾತಿಯದೇ.